ಹಣ್ಣು ಹುಳ ಆಯುತ್ತಾ ನೋಡಿದ ಇಂಗ್ಲಿಷ್ ಪಿಚ್ಚರ್

ರೇಷ್ಮೆ ಹುಳ ಹಣ್ಣಾಯಿತು ಅಂದರೆ ಸೊಪ್ಪು ತಿನ್ನೋದು ಬುಟ್ಟು, ಮೈ ಗಾಜಿನಂಗಾಗಿ, ತಲೆ ಎತ್ತಿ ಆಡಿಸ್ತದೆ. ಆವತ್ತೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ಬಿದಿರು ತಟ್ಟಿಗೆ, ಬಿಡಬೇಕು. ತಡ ಮಾಡಿದರೆ ಕಸದಲ್ಲೇ ನೂಲು ಸುತ್ತಿ ಬೆಳೆ ಹಾಳು.

ಈ ಬೆಳೆ ನನ್ನ ಸೊಸೆಯದು. ನನ್ನ ಮಂಡಿ ಕೈಕೊಟ್ಟ ಮೇಲೆ ಅವಳೊಬ್ಬಳೇ ಮೇಯಿಸಿದ್ದು. ಇದು ಕೆಟ್ಟರೆ ಹಿಪ್ಪುನೇರಳೆ ಕಿತ್ತು ತೆಂಗು ಹಾಕ್ತೀನಿ ಅಂತ ಮಗ ಹೇಳಿಬುಟ್ಟಿದ್ದ. ಮೂರು ದಿನದಿಂದ ಅವಳು ನೆಟ್ಟಗೆ ಉಂಡಿರಲಿಲ್ಲ.

ಹುಳ ಹಣ್ಣಾಯ್ತು. ಮುಯ್ಯಾಳಿಗೆ ಅಕ್ಕಪಕ್ಕದ ನಾಲ್ಕು ಹೆಂಗಸರು ಬಂದರು. ಅವರ ಹುಳ ಹಣ್ಣಾದಾಗ ನಾವು ಹೋಗ್ತೀವಿ, ಅದೇ ಲೆಕ್ಕ. ರಾಮನಗರದಲ್ಲಿ ಬಿ.ಎ. ಓದೋ ಮೊಮ್ಮಗಳನ್ನೂ ಅವಳವ್ವ ಕೂರಿಸಿದಳು. ಒಂದು ಹಳೇ ಇಂಗ್ಲಿಷ್ ಪಿಚ್ಚರ್ ನೋಡಿ ಕಾಲೇಜಿಗೆ ಬರೆದುಕೊಡಬೇಕು ಅಂತ ಹುಡುಗಿ ಗೊಣಗಿದಳು. ಗೊಣಗಿ ಗೊಣಗಿ ಫೋನನ್ನ ಹುಳದ ಸ್ಟ್ಯಾಂಡಿಗೆ ಸಿಕ್ಕಿಸಿ ಹಾಕೇಬಿಟ್ಟಳು.

ಬಣ್ಣ ಇಲ್ಲ, ಹಾಡಿಲ್ಲ, ಹೊಡೆದಾಟ ಇಲ್ಲ. ದೊಡ್ಡ ಮನೆ, ಅದರಲ್ಲಿ ಒಬ್ಬಳು ಯಜಮಾನಿ, ಒಬ್ಬಳು ಕೆಲಸದವಳು. ಕೆಲಸದವಳು ಮೊದಲು ಯಜಮಾನಿಗೆ ತಲೆ ಬಾಚಿದಳು. ಆಮೇಲೆ ಅವಳ ಕೋಟು ಹಾಕ್ಕೊಂಡಳು. ಆಮೇಲೆ ಅವಳ ಕುರ್ಚೀಲಿ ಕೂತಳು. ಯಜಮಾನಿಯೇ ಎದ್ದು ಅವಳಿಗೆ ಟೀ ಬಗ್ಗಿಸಿಕೊಟ್ಟಳು. ಕಪ್ಪು ಬಿಳುಪಲ್ಲಿ ಇಬ್ಬರೂ ಒಂದೇ ಥರ ಕಾಣೋರು. ಯಾವಳು ಯಾವಳು ಅಂತ ನಮ್ಮಲ್ಲೇ ಜಗಳ ಹತ್ತಿಕೊಂಡಿತು. ತನ್ನ ಸೊಸೆ ಮೇಲೆ ಮುನಿಸಿದ್ದ ಪಕ್ಕದ ಮನೆಯವಳೊಬ್ಬಳು, ನಮ್ಮ ಮನೇಲೂ ಹಿಂಗೇ ಆಗಿರೋದು ಅಂದಳು. ನಕ್ಕೂ ನಕ್ಕೂ ನನಗೆ ಕೆಮ್ಮು ಬಂತು.

ಕಣ್ಣು ಫೋನಲ್ಲಿ, ಕೈ ಹುಳದಲ್ಲಿ. ನನ್ನ ಸೊಸೆ ಬಂದು ಚಂದ್ರಿಕೆ ನೋಡಿದರೆ ಅರ್ಧಕ್ಕರ್ಧ ಹಣ್ಣಾಗದ ಹುಳ. ಬಿಟ್ಟವೆಲ್ಲ ಇಳಿದು ಸೊಪ್ಪು ಹುಡುಕ್ಕೊಂಡು ಹೊರಟಿದ್ದವು. ಅವಳು ಫೋನ್ ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಳಿದ ಹುಳಾನೆಲ್ಲ ಆಯ್ದು ತಿರುಗಾ ಸೊಪ್ಪಿಗೆ ಬಿಟ್ಟಳು.

ಪಿಚ್ಚರ್ ನಿಂತಾಗ ಆ ಇಬ್ಬರೂ ಮೆಟ್ಟಿಲ ಮೇಲೆ ಎದುರೆದುರು ನಿಂತಿದ್ದರು. ಹೆಂಗಸರಿಗೆ ಕೈ ಓಡಲಿಲ್ಲ. ಹಾಲು ಕರೆಯೋ ಹೊತ್ತಾಯ್ತು ಅಂತ ಒಬ್ಬಳು ಸೆರಗು ಕೊಡವಿ ಎದ್ದೇಬಿಟ್ಟಳು. ಇನ್ನೂ ಅರ್ಧ ಹುಳ ಹಂಗೇ ಇದ್ದವು.

ನಾನಂದೆ, "ಕೂತ್ಕೊಳ್ರೇ, ಮುಂದಿನ ಕತೆ ನಂಗೊತ್ತು. ಹಣ್ಣಾದ್ದು ನೋಡಿ ಆಯ್ದರೆ ಮಾತ್ರ ಹೇಳ್ತೀನಿ."

"ಇಂಗ್ಲಿಷ್ ಯಾವಾಗ ಕಲ್ತೆ, ದೊಡ್ಡವ್ವಾ?" ಅಂದಳು ಎದ್ದವಳು. ಕೂತುಕೊಂಡಳು.

ನಂಗೊತ್ತಿದ್ದದ್ದು ಚನ್ನಪಟ್ಟಣದ ಕತೆ. ವಯಸ್ಸಲ್ಲಿ ಅಲ್ಲೊಂದು ದೊಡ್ಡ ಮನೇಲಿ ಅಡಿಗೆ ಮಾಡಿಕೊಂಡಿದ್ದೆ. ಆ ಯಮ್ಮನಿಗೆ ತನ್ನ ಮನೆ ಉಪ್ಪಿನ ಡಬ್ಬ ಎಲ್ಲೈತೆ ಅಂತ ಗೊತ್ತಿರಲಿಲ್ಲ. ಒಸಿ ಕಾಫಿ ಬೇಕಾದರೂ ಬಾಗಿಲಲ್ಲಿ ನಿಂತು ನನ್ನ ಮುಖ ನೋಡೋಳು. ಆ ಮನೆ ಆಳೋಕೆ ನನಗೆ ಅವಳ ಕೋಟು ಬೇಕಾಗಿರಲಿಲ್ಲ. ಅದನ್ನೇ ಇಂಗ್ಲಿಷಿನವರ ಮೇಲೆ ಹೊರಿಸಿ ಹೇಳಿದೆ. ಕೆಲಸದವಳು ಯಜಮಾನೀನ ಸಂತೆಗೆ ಕಳಿಸಿದಳು, ಪಾತ್ರೆ ತೊಳೆಸಿದಳು, ಚೆನ್ನಾಗಿ ಬೆಳಗಿಲ್ಲ ಅಂತ ಬೈದಳು. ಕೊನೆಗೆ ಯಜಮಾನಿ ಮನೆ ಬುಟ್ಟು ಓಡಿ ಹೋಗಿ, ದೂರದೂರಲ್ಲಿ ಇನ್ನೊಬ್ಬಳ ಮನೇಲಿ ಕೆಲಸಕ್ಕೆ ಸೇರಿದಳು.

"ಸೇರಿ?"

"ಮೊದಲ ದಿನವೇ ಆ ಮನೆಯವಳ ಕೋಟು ಹಾಕ್ಕೊಂಡು ಕುರ್ಚೀಲಿ ಕೂತಳು."

ಸೊಸೆ ಮೇಲೆ ಮುನಿಸಿದ್ದವಳು ನಗು ತಡೆಯೋಕಾಗದೆ ಗೋಡೆ ಹಿಡ್ಕೊಂಡಳು. ನನ್ನ ಸೊಸೆ ಮಾತ್ರ ನಗದೆ ಒಂದೊಂದು ಹುಳಾನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹೊತ್ತು ಇಳಿಯೋಕೆ ಮುಂಚೆ ಕೊನೇ ಚಂದ್ರಿಕೆ ತುಂಬಿತು. ಆಗ ನಕ್ಕಳು ನೋಡಿ, ನಿಲ್ಲಿಸೋಕೇ ಆಗಲಿಲ್ಲ.

ಮೊಮ್ಮಗಳು ಆಮೇಲೆ ಉಳಿದ ಪಿಚ್ಚರ್ ನೋಡಿದಳು. ಇಬ್ಬರೂ ಸುಮ್ಮನೆ ಒಬ್ಬರನ್ನೊಬ್ಬರು ನೋಡ್ತಾ ನಿಲ್ತಾರಂತೆ, ಬಾಗಿಲು ಮುಚ್ಚಿಕೊಳ್ತದಂತೆ. ಅದೇನು ಕೊನೆಯೋ, ದುಡಿದು ತಿನ್ನದವರು ತೆಗೆದ ಪಿಚ್ಚರ್ ಇರಬೇಕು.

ಗೂಡು ಬಿಗಿಯಾಗಿ ಬಂತು. ಮಗ ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದವನು ಕೈ ತೊಳೆದು, ಉಣ್ಣೋಕೆ ಕೂತು, ಮುಂದಿನ ಮರಿ ಹುಳ ಯಾವಾಗ ತರಾಣ ಅಂತ ಹೆಂಡತೀನ ಕೇಳಿದ. ತೆಂಗಿನ ಮಾತು ಎತ್ತಲಿಲ್ಲ. ಸೊಸೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ನನ್ನ ಕಡೆ ನೋಡಿದಳು.

"ಅತ್ತೆಗೆ ಇನ್ನೊಂದು ಪಿಚ್ಚರ್ ಸಿಗಲಿ ತಡೀರಿ," ಅಂದಳು.