ಗೋಡೆಗೊಂದು ಕೆಂಪು ದಡಿ

ಪಕ್ಕದ ಮನೆಗೆ ಬಣ್ಣ ಹಚ್ಚುತ್ತಿದ್ದಾರೆ. ಬೆಳಗಿನಿಂದ ನಮ್ಮ ಅಡುಗೆಮನೆಯವರೆಗೂ ಅದರದೇ ವಾಸನೆ, ಒಗ್ಗರಣೆಗೂ ಸೋಲಲೊಲ್ಲದು. ನನಗೇನೂ ಬೇಸರವಿಲ್ಲ ಅನ್ನಿ. ಈ ವಾಸನೆ ಮೂಗಿಗೆ ತಾಗಿದರೆ, ಬೆಟಗೇರಿಯ ಈ ಮನೆಯ ಪಡಸಾಲೆಗೆ ನಾನು ಬಣ್ಣ ಆರಿಸಿದ ವರ್ಷ ನೆನಪಾಗುತ್ತದೆ.

ಸಿಸ್ಟರುಗಳ ಶಾಲೆಯಲ್ಲಿ ಓದಿದವಳು ನಾನು. ಅಲ್ಲಿಯ ಗೋಡೆಗಳೆಲ್ಲ ತಿಳಿ ಬೂದು; ಬಿರುಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣಿಗೆ ತಣ್ಣೀರು ಚಿಮುಕಿಸಿದ ಹಾಗೆ. ಆ ತಂಪನ್ನು ಮನೆಗೆ ತರಬೇಕೆಂಬುದು ಬಹುದಿನದ ಆಸೆ. ಅಂಗಡಿಯ ಬಣ್ಣದ ಕಾರ್ಡನ್ನು ಕಿಟಕಿಯ ಬಳಿ ಹಿಡಿದು, ದೀಪದ ಕೆಳಗೆ ಹಿಡಿದು, ನೀಲಿ ಒಂದಿಷ್ಟೇ ಸುಳಿದಂಥ ಬೂದು ಆರಿಸಿದೆ. ಯಜಮಾನರು, ಎಲ್ಲಾ ಒಂದೇ ಕಾಣ್ತಾವಲ್ಲ ಎಂದು ಪೇಪರಿಗೆ ಮರಳಿದರು.

ಮೊದಲು ಪಡಸಾಲೆ ಬಿಳಿ. ಗೋಡೆಯ ಬುಡಕ್ಕೆ ಸುತ್ತಲೂ ಗೇಣಗಲದ ಕೆಮ್ಮಣ್ಣಿನ ಪಟ್ಟಿ. ಹಬ್ಬ ಬಂತೆಂದರೆ ಅತ್ತೆಯವರೇ ಕೂತು ಬಳಿಯುತ್ತಿದ್ದರು. ನಾನು ಅದರ ಮೇಲೂ ಬೂದು ಹೊಡೆಸಿದೆ. ಅತ್ತೆ ನೋಡಿ, "ದಡಿ ಇಲ್ಲದ ಸೀರಿ ಉಡಿಸಿದಂಗಾತಲ್ಲವಾ," ಅಂದರು. ಸೀರೆಗೆ ಎದ್ದು ಕಾಣುವ ಅಂಚು ಇಲ್ಲದಿದ್ದರೆ ಅವರಿಗೆ ಅದು ಸೀರೆಯೇ ಅಲ್ಲ. ನಕ್ಕುಬಿಟ್ಟೆ.

ಆಮೇಲೆ ಅವರು ಪಡಸಾಲೆಗೆ ಬರುವುದೇ ಕಡಿಮೆಯಾಯಿತು. ಓಣಿಯ ಹೆಂಗಸರು ಬಂದರೂ ಅಡುಗೆಮನೆಗೇ ಕರೆಸಿಕೊಳ್ಳುತ್ತಿದ್ದರು. ಬೆಳ್ಳಟ್ಟಿಯಿಂದ ಬಂದ ಅವರ ತಂಗಿ, ಸೊಸಿ ಆರಿಸಿದ ಬಣ್ಣ ನಿನಗ ಸೇರಲಿಲ್ಲೇನು ಎಂದು ಛೇಡಿಸಿದರು. ನನಗೆ ಒಳಗೊಳಗೇ ಮುನಿಸು. ಬೇಡವಾಗಿದ್ದರೆ ಬಾಯಿಬಿಟ್ಟು ಹೇಳಬಾರದೇ?

ಒಂದು ಸಂಜೆ ನಾನು ಮನೆಯಲ್ಲಿಲ್ಲ ಎಂದುಕೊಂಡು ಅತ್ತೆ ಪಡಸಾಲೆ ದಾಟುತ್ತಿದ್ದರು. ಅಂಗೈ ಮುಂದೆ ಚಾಚಿ, ಪಾದದಿಂದ ನೆಲ ಸವರುತ್ತ. ನಮ್ಮ ನೆಲವೂ ಬೂದು ಕಲ್ಲಿನದು. ಗೋಡೆ ಮುಂದೆಯೇ ಇದ್ದರೂ ಅವರ ಕೈ ಅದನ್ನು ಹುಡುಕುತ್ತಿತ್ತು. ಓಡಿ ಹೋಗಿ ಹಿಡಿದುಕೊಂಡರೆ ಕೊಸರಿಕೊಂಡರು.

"ಕಣ್ಣಾಗ ಪೊರಿ ಬಂದೈತಿ. ಆ ಕೆಂಪು ನೋಡಕೋತ ತಿರಗ್ಯಾಡತಿದ್ನಿ. ಈಗ ನೆಲ ಎಲ್ಲಿ ಮುಗೀತು, ಗ್ವಾಡಿ ಎಲ್ಲಿ ಚಾಲೂ ಆತು, ತಿಳಿಯಂಗಿಲ್ಲ."

"ಹೇಳಬಾರದೇನ್ರಿ ಅತ್ತಿ?"

"ಹೇಳಿದ್ರ ಕೈ ಹಿಡದು ಅಡ್ಡಾಡಸ್ತೀರಿ. ನನ್ನ ಮನ್ಯಾಗ ನನಗ ಕೈ ಹಿಡಿಯೋರು ಬೇಕೇನು?"

ಮರುದಿನ ಕೆಮ್ಮಣ್ಣು ಕಲಸಿದೆ. ನುಣುಪು ಬಣ್ಣದ ಮೇಲೆ ಅದು ನಿಲ್ಲಲೇ ಇಲ್ಲ, ಒಣಗಿ ಉದುರಿತು. ಕಡೆಗೆ ಅಂಗಡಿಯಿಂದ ಕೆಂಪು ಬಣ್ಣವನ್ನೇ ತಂದು, ನೆಲಕ್ಕೆ ಕೂತು ಬಳಿದೆ. ಗೆರೆ ಅಲ್ಲಲ್ಲಿ ಸೊಟ್ಟ. ಆದರೂ ಬೂದಿನ ಪಕ್ಕ ಕೆಂಪು ಅಷ್ಟು ಚೆಂದ ಕಂಡೀತೆಂದು ಯಾವ ಕಾರ್ಡೂ ಹೇಳಿರಲಿಲ್ಲ. ಅತ್ತೆ ಗೋಡೆಗುಂಟ ಒಂದು ಸುತ್ತು ನಡೆದು ಬಂದು, ನಡುಪಡಸಾಲೆಯಲ್ಲಿ ಕೂತು ಚಹಾ ಕೇಳಿದರು.

ಈಗ ಅವರ ಕಣ್ಣಿನ ಆಪರೇಷನ್ ಆಗಿದೆ. ಸೂಜಿಗೆ ದಾರ ಅವರೇ ಪೋಣಿಸುತ್ತಾರೆ. ಕನ್ನಡಕ ಹುಡುಕುವವಳು ನಾನು. ಇವತ್ತು ನನಗೂ ಹುರುಪು ಬಂದು, ನಾವೂ ಬಣ್ಣ ಹಚ್ಚಿಸೋಣ, ನಿಮ್ಮ ಕಣ್ಣು ಚಲೋ ಆತಲ್ಲ, ಇನ್ನು ಆ ದಡಿ ಯಾಕೆ ಎಂದು ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಇರಲಿ ಬಿಡವಾ. ಮುಂದ ನಿನಗ ಬೇಕಾಗತೈತಿ."