ಕೇಪ್ ಬ್ರೆಟನ್‌ನಲ್ಲಿ ನಾನು ಗೆದ್ದದ್ದು

ಶಿಕಾಗೋದಲ್ಲಿ ನಮ್ಮ ಬೀದಿಯ ಕೊನೆಗೆ ಹೊಸ ಕಟ್ಟಡವೊಂದು ಏಳುತ್ತಿದೆ. ಕೆಲಸದವರಿಗೆಂದು ಇಟ್ಟ ಪ್ಲಾಸ್ಟಿಕ್ ಶೌಚಾಲಯಗಳ ಪಕ್ಕ ಹಾದುಹೋಗುವಾಗ ಅದರೊಳಗಿನ ನೀಲಿ ದ್ರವದ ವಾಸನೆ ಮೂಗಿಗೆ ಬಡಿಯುತ್ತದೆ. ಕರ್ಪೂರಕ್ಕೂ ಬಬಲ್‌ಗಮ್ಮಿಗೂ ಹುಟ್ಟಿದಂಥ, ಸಿಹಿಸಿಹಿಯಾಗಿ ಹೊಟ್ಟೆ ತೊಳಸುವ ವಾಸನೆ. ಕಳೆದುಹೋದ ಮನೆಯನ್ನು ನೆನೆಯಲು ಜನ ಮಲ್ಲಿಗೆಯನ್ನೋ ಫಿಲ್ಟರ್ ಕಾಫಿಯನ್ನೋ ಆರಿಸಿಕೊಳ್ಳುತ್ತಾರೆ. ನಿಮಗೂ ಅಂಥದ್ದೊಂದು ಇರಬಹುದು. ನನ್ನ ಪಾಲಿಗೆ ಬಂದದ್ದು ಇದು. ಅಲ್ಲಿಂದ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ನಾನು ಹದಿಮೂರು ವರ್ಷದವಳಾಗಿರುತ್ತೇನೆ, ಕೈಯಲ್ಲಿ ರಬ್ಬರ್ ಗ್ಲೌಸು, ಪಕ್ಕದಲ್ಲಿ ಅಪ್ಪ.

ಆ ಬೇಸಿಗೆಯಲ್ಲಿ ಅಪ್ಪ ಹತ್ತಿರದ ವಿಕ್ಸಮ್‌ನಿಂದ ಒಂದು ಆರ್‌ವಿ, ಅಂದರೆ ಒಳಗೇ ಹಾಸಿಗೆ, ಒಲೆ, ಶೌಚಾಲಯ ಇರುವ ದೊಡ್ಡ ಗಾಡಿ, ಬಾಡಿಗೆಗೆ ತಂದು ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯ ಮುಂದೆ ನಿಲ್ಲಿಸಿದ. ಅಪ್ಪ, ಅಮ್ಮ, ನಾನು, ಮೂವರೇ. ಕೆನಡಾದ ಪೂರ್ವದ ಕೊನೆಯಲ್ಲಿರುವ ಕೇಪ್ ಬ್ರೆಟನ್‌ಗೆ ಹೊರಟಿದ್ದೆವು. ಸ್ಕಾಟ್ಲೆಂಡಿನಿಂದ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಅಲ್ಲಿ ಇನ್ನೂ ಗೇಲಿಕ್ ಭಾಷೆ ಆಡುತ್ತಾರೆಂದು ಅಪ್ಪ ಎಲ್ಲೋ ಓದಿದ್ದ. ಮಿಕ್ಕವರ ಅಪ್ಪಂದಿರು ಮಕ್ಕಳನ್ನು ಫ್ಲಾರಿಡಾಗೆ ಕರೆದೊಯ್ಯುತ್ತಿದ್ದರು. ನಮ್ಮಪ್ಪ ಸಾಯುತ್ತಿರುವ ಭಾಷೆಯೊಂದನ್ನು ತೋರಿಸಲು ಹೊರಟಿದ್ದ. ಗಡಿಯ ಪೋರ್ಟ್ ಹ್ಯೂರನ್ ಸೇತುವೆ ದಾಟುವ ಮೊದಲೇ ಕಾನೂನು ಜಾರಿಯಾಯಿತು: ಆರ್‌ವಿಯೊಳಗೆ ಕನ್ನಡ ಮಾತ್ರ. ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಆಡಿದವರು ಆ ಸಂಜೆ ಶೌಚದ ಟ್ಯಾಂಕ್ ಖಾಲಿ ಮಾಡಿ ಹೊಸದಾಗಿ ನೀಲಿ ದ್ರವ ಸುರಿಯಬೇಕು. ಅಪ್ಪ ಆ ಗಾಡಿಗೆ ಗೌರಮ್ಮ ಎಂದು ಹೆಸರಿಟ್ಟಿದ್ದ. ದಿಣ್ಣೆ ಬಂದಾಗಲೆಲ್ಲ ಅದು ಏದುಸಿರು ಬಿಡುತ್ತಿತ್ತು. "ಗೌರಮ್ಮನೋರೇ, ಇದೊಂದು ಹತ್ತಿಬಿಡಿ, ಮೇಲೆ ಹೋದ್ಮೇಲೆ ಮಜ್ಜಿಗೆ ಕೊಡ್ತೀನಿ. ಮಂಡಿಗೆ ಎಣ್ಣೆನೂ ಹಚ್ಚಿಸ್ತೀನಿ" ಎಂದು ಸ್ಟೀರಿಂಗ್ ಸವರುತ್ತಿದ್ದ. ಅಮ್ಮ ನಕ್ಕು ನಕ್ಕು ಸೀಟ್‌ಬೆಲ್ಟ್ ಹಿಡಿದುಕೊಳ್ಳುತ್ತಿದ್ದಳು. ಕನ್ನಡದಲ್ಲಿ ಅಪ್ಪ ಹಾಗಿದ್ದ. ಇಂಗ್ಲಿಷಿನಲ್ಲಿ ಅವನು ಕಾರಿನ ಬಿಡಿಭಾಗಗಳ ಕಂಪನಿಯೊಂದರ ಮ್ಯಾನೇಜರ್.

ನಾನು ಆ ವರ್ಷ ಶಾಲೆಯ ಡಿಬೇಟ್ ತಂಡ ಸೇರಿದ್ದೆ. ಸಾಕ್ಷ್ಯ ಕೂಡಿಸುವುದು, ಎದುರಾಳಿಯ ಬಾಯಿಂದಲೇ ಅವನ ವಾದ ಮುರಿಸುವುದು, ಇವು ಹೊಸದಾಗಿ ಕೈಗೆ ಸಿಕ್ಕ ಚಾಕುಗಳು. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಅಪ್ಪನ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಬರೆದುಕೊಳ್ಳತೊಡಗಿದೆ. ಟ್ರಕ್ಕಿನವನಿಗೆ ಬೈದದ್ದು, ಆಫೀಸಿನ ಫೋನು, ನನ್ನ ಮೇಲೆ ರೇಗಿದ್ದು. ನಾಲ್ಕು ದಿನದಲ್ಲಿ ಮೂರು ಪುಟ ತುಂಬಿತು. ಅಪ್ಪ ತಪ್ಪೊಪ್ಪಿಕೊಂಡು ಗ್ಲೌಸು ಹಾಕಿಕೊಳ್ಳುತ್ತಿದ್ದ. ನಾನು ಸಿಕ್ಕಿಬಿದ್ದಾಗಲೂ ಜೊತೆಗೆ ಬರುತ್ತಿದ್ದ. ಪೈಪು ಹಿಡಿದು, "ಪುಟ್ಟಿ, ಇದು ನಮ್ಮ ಮನೆತನದ ಆಸ್ತಿ, ಚೆಲ್ಲಬೇಡ" ಅನ್ನುತ್ತಿದ್ದ. ನಾನು ಮುಖ ಸಿಂಡರಿಸುತ್ತಿದ್ದೆ. ಒಳಗೊಳಗೇ ನಗುತ್ತಿದ್ದೆ, ಅದನ್ನು ತೋರಿಸುತ್ತಿರಲಿಲ್ಲ.

ಕೇಪ್ ಬ್ರೆಟನ್‌ನಲ್ಲಿ ಊರಿನ ಹೆಸರಿನ ಹಲಗೆಗಳ ಮೇಲೆ ಇಂಗ್ಲಿಷಿನ ಕೆಳಗೆ ಗೇಲಿಕ್ ಇತ್ತು. ಒಂದೊಂದು ಹಲಗೆಗೂ ಅಪ್ಪ ಗಾಡಿ ನಿಧಾನ ಮಾಡುತ್ತಿದ್ದ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಸಮುದ್ರಕ್ಕೆ ಮುಖ ಮಾಡಿದ ಮರದ ಹಾಲ್ ಒಂದರಲ್ಲಿ ಮಧ್ಯಾಹ್ನ ಹಾಡು ಇದೆಯೆಂದು ತಿಳಿದು ಹೋದೆವು. ಉದ್ದನೆಯ ಮೇಜಿನ ಸುತ್ತ ಕುಳಿತವರು ಒದ್ದೆ ಉಣ್ಣೆ ಬಟ್ಟೆಯನ್ನು ಮೇಜಿಗೆ ಬಡಿಯುತ್ತ, ಕೈಯಿಂದ ಕೈಗೆ ಸರಿಸುತ್ತ, ಆ ಬಡಿತಕ್ಕೇ ಹಾಡುತ್ತಿದ್ದರು. ಹಿಂದೆ ಬಟ್ಟೆ ದಟ್ಟವಾಗಲಿ ಎಂದು ಮಾಡುತ್ತಿದ್ದ ಕೆಲಸವಂತೆ. ಈಗ ಹಾಡಿಗಾಗಿ ಬಟ್ಟೆ. ಒದ್ದೆ ಕುರಿಯ ವಾಸನೆ, ಕಿಟಕಿಯಿಂದ ಉಪ್ಪುಗಾಳಿ. ಹಾಡಿಸುತ್ತಿದ್ದ ಮೋರಾಗ್ ಎಂಬ ಮುದುಕಿ ನಮಗೂ ಜಾಗ ಕೊಟ್ಟಳು. ಅಮ್ಮ ಸೆರಗು ಸಿಕ್ಕಿಸುವ ಅಭ್ಯಾಸದಲ್ಲಿ ದುಪಟ್ಟಾ ಬಿಗಿದು ಕೂತಳು. ಹಾಡು ನಿಂತಾಗ ಮೋರಾಗ್ ಹೇಳಿದಳು: ಶಾಲೆಯಲ್ಲಿ ಗೇಲಿಕ್ ಆಡಿದರೆ ಹೊಡೆಯುತ್ತಿದ್ದರಂತೆ, ಅದಕ್ಕೇ ಅವಳಮ್ಮ ಮಕ್ಕಳ ಒಳ್ಳೆಯದಕ್ಕೆಂದು ಇಂಗ್ಲಿಷೇ ಆಡಿದಳಂತೆ. ಇವಳು ಕಲಿತದ್ದು ಐವತ್ತು ದಾಟಿದ ಮೇಲೆ. "ನಿಮ್ಮ ಮನೆಯಲ್ಲಿ ಹೇಗೆ?" ಎಂದು ಅಪ್ಪನನ್ನು ಕೇಳಿದಳು. ಅಪ್ಪನ ಎದೆ ಉಬ್ಬಿತು. ನನ್ನ ಮಗಳು ಚೆನ್ನಾಗಿ ಮಾತಾಡುತ್ತಾಳೆ, ನಮ್ಮ ಗಾಡಿಯಲ್ಲಿ ಬೇರೆ ಭಾಷೆಯೇ ಇಲ್ಲ ಅಂದ. ಆಮೇಲೆ ನನ್ನ ಕಡೆ ತಿರುಗಿ, "ಪುಟ್ಟಿ, ಏನಾದ್ರೂ ಹೇಳು. ಇವರು ಕೇಳಲಿ" ಅಂದ.

ನಾನು ಎದ್ದು ನಿಂತೆ. ನೋಟ್‌ಬುಕ್ ತೆಗೆದೆ. ಇಂಗ್ಲಿಷಿನಲ್ಲಿ, ಮೂರು ಅಂಶಗಳಲ್ಲಿ, ತಂಡದಲ್ಲಿ ಕಲಿಸಿದ್ದ ಹಾಗೆಯೇ ಹೇಳಿದೆ. ಒಂದು, ಈ ನಿಯಮವನ್ನು ಅತಿಹೆಚ್ಚು ಮುರಿದವನು ಇದನ್ನು ಮಾಡಿದವನೇ, ಸಾಕ್ಷ್ಯ ಇಲ್ಲಿದೆ. ಎರಡು, ಇವರ ಭಾಷೆಯನ್ನು ಹೊಡೆದು ಬಿಡಿಸಿದರು, ನಮ್ಮಪ್ಪ ತಾನಾಗಿ ವಿಮಾನ ಹತ್ತಿ ಬಂದ, ಎರಡೂ ಒಂದೇ ನೋವಲ್ಲ. ಮೂರು, ಅವನು ಭಾಷೆ ಉಳಿಸುತ್ತಿಲ್ಲ, ಅವನಿಗೆ ಮನೆಯ ನೆನಪು ಕಾಡುತ್ತಿದೆ. ಅದು ಅವನ ಸಮಸ್ಯೆ. ಅದನ್ನು ಪರಿಹರಿಸಲು ನನ್ನನ್ನು ಹೆತ್ತದ್ದಲ್ಲ.

ಹಿಂದಿನ ಸಾಲಿನ ಪ್ರವಾಸಿಗನೊಬ್ಬ ಚಪ್ಪಾಳೆ ತಟ್ಟಿದ. ಮೋರಾಗ್ ಒದ್ದೆ ಬಟ್ಟೆಯನ್ನು ಮಡಿಸತೊಡಗಿದಳು. ಅಪ್ಪ ಮುಗುಳ್ನಕ್ಕು, "ಗುಡ್ ಪಾಯಿಂಟ್ಸ್. ಯು ವಿನ್" ಅಂದ. ನಿಯಮ ಗಾಡಿಯೊಳಗಿನದಾದರೂ ಆ ಸಂಜೆಯ ಶಿಕ್ಷೆ ನನ್ನದೇ ಎಂದುಕೊಂಡೆ. ಗ್ಲೌಸು ಹುಡುಕುವಷ್ಟರಲ್ಲಿ ಅಪ್ಪ ಒಬ್ಬನೇ ಹೋಗಿ ಟ್ಯಾಂಕ್ ಖಾಲಿ ಮಾಡಿ ಬಂದಿದ್ದ. ಕೈ ತೊಳೆಯುತ್ತ, "ಆಲ್ ಡನ್" ಅಂದ. ಅದಾದ ಮೇಲೆ ಅಪ್ಪ ನನ್ನೊಂದಿಗೆ ಕನ್ನಡ ಆಡಲಿಲ್ಲ.

ಎರಡು ದಿನದ ಕೋಪ ಅಂದುಕೊಂಡೆ. ಕೋಪವಾಗಿದ್ದರೆ ಇಳಿಯುತ್ತಿತ್ತು. ಅಪ್ಪ ವಾದವನ್ನು ಒಪ್ಪಿಕೊಂಡಿದ್ದ, ಅದೇ ಕಷ್ಟ. ಊಟದ ಮೇಜಿನಲ್ಲಿ ಅಮ್ಮನ ಕಡೆ ತಿರುಗಿದರೆ ಕನ್ನಡ, ನನ್ನ ಕಡೆ ತಿರುಗಿದರೆ ಹೋಂವರ್ಕ್, ಟೈರಿನ ಗಾಳಿ, ಡ್ರೈವ್ ಸೇಫ್. ಮಹಡಿಯ ಮೇಲೆ ಓದುತ್ತ ಕೂತವಳಿಗೆ ಅಡುಗೆಮನೆಯಿಂದ ಇಬ್ಬರ ನಗು ಕೇಳುತ್ತಿತ್ತು. ನಾನು ಇಳಿದು ಹೋದರೆ ಅಪ್ಪ ಮರ್ಯಾದೆಯಿಂದ ಮ್ಯಾನೇಜರ್ ಆಗುತ್ತಿದ್ದ. ಅದೇ ಮನೆಯಲ್ಲಿ ಹೀಗೆಯೇ ಐದು ವರ್ಷ ಇದ್ದೆ, ನನ್ನ ಕನ್ನಡಕ್ಕೆ ತುಕ್ಕು ಹಿಡಿಯಿತು.

ಶಿಕಾಗೋಗೆ ಓದಲು ಬಂದ ಮೇಲೆ ಭಾನುವಾರಗಳಲ್ಲಿ ಫೋನಿನಲ್ಲಿ ಅಮ್ಮನಿಂದ ಕನ್ನಡ ಓದಲು, ಬರೆಯಲು, ತಡವರಿಸದೆ ಮಾತಾಡಲು ಕಲಿತೆ. "ಅಪ್ಪಂಗೆ ಹೇಳ್ಬೇಡ, ಚೆನ್ನಾಗಿ ಬಂದ್ಮೇಲೆ ಒಂದೇ ಸಲ ತೋರಿಸ್ತೀನಿ" ಅಂದಿದ್ದೆ. ಅಮ್ಮ ಗುಟ್ಟು ಬಿಡಲಿಲ್ಲ. ನನಗೋ, ಇನ್ನೂ ಚೆನ್ನಾಗಿ, ಇನ್ನೂ ಚೆನ್ನಾಗಿ. ಸೋಲಬಾರದು ಎಂಬ ಚಟ. ಅಷ್ಟರಲ್ಲಿ ಅಪ್ಪ ಆಸ್ಪತ್ರೆ ಸೇರಿದ. ಐದು ಗಂಟೆ ಡ್ರೈವ್ ಮಾಡಿ ಹೋದೆ. ಕೋಣೆಯ ಬಾಗಿಲಲ್ಲೇ ಅಪ್ಪನ ದನಿ ಕೇಳಿಸಿತು: "ಇದನ್ನ ಗಂಜಿ ಅಂದ್ರೆ ಗಂಜಿ ನಮ್ಮೇಲೆ ಕೇಸ್ ಹಾಕುತ್ತೆ ಕಣೇ." ಅಮ್ಮ ನಗುತ್ತಿದ್ದಳು. ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಿಸಿಕೊಂಡೆ. ನಂತರ ಒಳಗೆ ಹೋಗಿ, "ಅಪ್ಪಾ, ಬಂದೆ. ದಾರಿಯಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು, ತಡವಾಯಿತು" ಅಂದೆ.

ಅಪ್ಪ ನನ್ನನ್ನೇ ನೋಡಿದ. "ವೆರಿ ನೈಸ್! ಹೂ ಟಾಟ್ ಯು?" ಅಂದ, ಊರಿಗೆ ಹೊಸದಾಗಿ ಬಂದ ಅತಿಥಿಯನ್ನು ಮೆಚ್ಚುವ ಹಾಗೆ. ಅಮ್ಮನ ಕಡೆ ತಿರುಗಿ, "ನೋಡೇ, ರೇಡಿಯೋ ವಾರ್ತೆ ಥರ ಎಷ್ಟು ನೀಟಾಗಿ ಮಾತಾಡ್ತಾಳೆ" ಅಂದ. ಮತ್ತೆ ನನ್ನ ಕಡೆಗೆ, ತುಂಬ ಮೃದುವಾಗಿ: "ಬಟ್ ಡೋಂಟ್ ಸ್ಟ್ರೇನ್ ಫಾರ್ ಮೈ ಸೇಕ್, ಓಕೆ?"

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ. ಅದಾದ ಮೇಲೆ ಅಪ್ಪ ಹತ್ತು ದಿನವಷ್ಟೇ ಬದುಕಿದ್ದ. ನಾನು ಕನ್ನಡದಲ್ಲಿ ಕೇಳಿದೆ, ಅವನು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಮೂರು ಅಂಶಗಳನ್ನು ಈಗಲೂ ಒಂದೊಂದಾಗಿ ಪರೀಕ್ಷಿಸುತ್ತೇನೆ. ಒಂದರಲ್ಲೂ ತಪ್ಪು ಸಿಕ್ಕುವುದಿಲ್ಲ. ಮನೆ ಮಾರಿದೆವು, ಅಮ್ಮ ನನ್ನ ಜೊತೆಗಿದ್ದಾಳೆ. ಊಟ ಮಾಡುವಾಗ ಕೆಲವು ದಿನ ಅಪ್ಪನ ಜೋಕು ಹೇಳಲು ಶುರು ಮಾಡುತ್ತಾಳೆ. ಅವಳಿಗೆ ಆ ಕಲೆಯಿಲ್ಲ, ಕೊನೆಯ ಮಾತನ್ನು ಮೊದಲೇ ಹೇಳಿಬಿಡುತ್ತಾಳೆ. "ಅವರ ಬಾಯಲ್ಲಿ ಕೇಳ್ಬೇಕಿತ್ತು ಕಣೇ" ಅನ್ನುತ್ತಾಳೆ. ನಾನು "ಹೂಂ" ಎಂದು ತಟ್ಟೆಗಳನ್ನು ಎತ್ತಿಡುತ್ತೇನೆ.