ಹೊಲಿಗೆ ಯಂತ್ರದ ಆಚೆಗೊಂದು, ಈಚೆಗೊಂದು

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೊಣಕೈ ಎಂದು. ಪೈಪು ತಿರುಗುವ ಕಡೆ ಹಾಕುವ ಮೊಣಕೈ ಜಾಯಿಂಟುಗಳು ಒಂದೆರಡು ಅವನ ಜೇಬಿನಲ್ಲಿ ಸದಾ ಇರುತ್ತಿದ್ದವು. ಮದುವೆಗೆ ಹೋದರೂ ಜೇಬು ಜೋತಾಡುತ್ತಿತ್ತು. ಊರು ಚಳಿಯದು. ಬಾಯ್ಲರಿನಲ್ಲಿ ನೀರು ಕಾಯಿಸಿ, ಪೈಪಿನಲ್ಲಿ ಹರಿಸಿ, ಗೋಡೆಬದಿಯ ಕಬ್ಬಿಣದ ರೇಡಿಯೇಟರುಗಳಿಂದ ಕೋಣೆಗಳನ್ನು ಬೆಚ್ಚಗಿಡುವುದು ಅವನ ಕಸುಬು. ಆಯುಷ್ಯವೆಲ್ಲ ಕಂಡವರ ಮನೆ ಬೆಚ್ಚಗೆ ಮಾಡಿದ ಮಹಾರಾಯ ತನ್ನ ಮನೆಯ ಹಿಂದಿನ ಕೋಣೆಗೆ ಒಂದು ಪೈಪೂ ಎಳೆದಿರಲಿಲ್ಲ. ಇವತ್ತು ನಾಳೆ ಎನ್ನುತ್ತಲೇ ಆ ಕೋಣೆ ಹಳೇ ಸಾಮಾನಿನ ಪಾಲಾಗಿತ್ತು.

ಕೋಪವೋ, ಮೂಗಿನ ತುದಿಯಲ್ಲೇ. ಅದರಲ್ಲೂ ಒಂದು ತಪ್ಪನ್ನು ಕಂಡರೆ ಅವನು ಮನುಷ್ಯನಾಗಿ ಉಳಿಯುತ್ತಿರಲಿಲ್ಲ. ಬಾಯ್ಲರಿನಿಂದ ಹೊರಟು ಬಾಯ್ಲರಿಗೇ ಮರಳುವ ದೊಡ್ಡ ಸುತ್ತಿನ ಪೈಪಿಗೆ ಒಂದು ಪಂಪು. ಅದರಿಂದ ಕವಲೊಡೆದು ಕೋಣೆಗೆ ಹೋಗಿಬರುವ ಚಿಕ್ಕ ಸುತ್ತಿನ ಪೈಪಿಗೆ ಅದರದೇ ಚಿಕ್ಕ ಪಂಪು. ಚಿಕ್ಕ ಸುತ್ತು ಹೊರಡುವ ಮೂರು ಬಾಯಿಯ ಟೀ ಜಾಯಿಂಟು, ಮರಳಿ ಸೇರುವ ಟೀ ಜಾಯಿಂಟು, ಎರಡೂ ದೊಡ್ಡ ಪೈಪಿನ ಮೇಲೆ ಒತ್ತೊತ್ತಿಗೆ ಇರಬೇಕು. ದೂರ ಇಟ್ಟಿರೋ, ದೊಡ್ಡ ಪಂಪು ಚಿಕ್ಕ ಸುತ್ತಿನೊಳಗೂ ನೀರು ನೂಕುತ್ತದೆ. ಚಿಕ್ಕ ಪಂಪು ನಿಲ್ಲಿಸಿದರೂ ಕೋಣೆ ಕಾಯುತ್ತಲೇ ಇರುತ್ತದೆ. ದೊಡ್ಡವರು ಚಿಕ್ಕವರ ಸಂಸಾರಕ್ಕೆ ಕೈ ಹಾಕಬಾರದು ಎಂದು ಅವನು ಜೊತೆಯ ಕೆಲಸದವರಿಗೆ ಬೋಧಿಸುತ್ತಿದ್ದ. ಟೀಗಳ ನಡುವೆ ಗೇಣು ಅಂತರ ಕಂಡರೂ ಸಾಕು, ಮಾಡಿದ ಕೆಲಸವನ್ನೆಲ್ಲ ಕೀಳಿಸಿ ಹೊಸದಾಗಿ ಮಾಡಿಸುತ್ತಿದ್ದ.

ಅವನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಅಡುಗೆಮನೆಯಿಂದ ಹಿಂದಿನ ಕೋಣೆಗೆ ಹೋಗುವ ಓಣಿಯಂಥ ಜಾಗದಲ್ಲಿ, ದೊಡ್ಡ ಸುತ್ತಿನ ಪೈಪು ಹಾದುಹೋಗುವ ಗೋಡೆಗೆ ಆನಿಸಿ ಯಂತ್ರ ಇಟ್ಟುಕೊಂಡಿದ್ದಳು. ಬೆಚ್ಚಗಿರುವ ಜಾಗವೆಂದರೆ ಅದೇ. ಪೆಡಲ್ ತುಳಿಯುತ್ತಾ ಬೀದಿಯ ಸುದ್ದಿಯನ್ನೆಲ್ಲ ಅಲ್ಲಿಂದಲೇ ವಿಚಾರಿಸಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆಯವಳ ಕಿಟಕಿ ಪರದೆ ಹೊಲಿಯುತ್ತಿದ್ದವಳು ಕುರ್ಚಿಯಿಂದ ಬಲಕ್ಕೆ ವಾಲಿದಳು. ಲಕ್ವ. ಸೂಜಿ ಪರದೆಯೊಳಗೆ ಇಳಿದದ್ದು ಇಳಿದಂತೆಯೇ ನಿಂತಿತು.

ಆಸ್ಪತ್ರೆಯಲ್ಲಿ ಮಾತು ನಿಧಾನವಾಗಿ ಮರಳಿತು, ಕಾಲು ಅಷ್ಟಿಷ್ಟು ಮರಳಿತು. ಬಲಗೈ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ಮೊಣಕೈ ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ. ಪಕ್ಕದ ಮನೆಯವಳು ಪರದೆ ಕೇಳಲು ಬಂದಾಗ, ಹೊಲಿಯುತ್ತಿದ್ದವಳೇ ಬಂದು ಮುಗಿಸಿಕೊಡುತ್ತಾಳೆ, ಅಲ್ಲಿಯವರೆಗೆ ಕಿಟಕಿ ಬರಿದಾಗಿದ್ದರೆ ಆಕಾಶವೇನೂ ಕಳಚಿಬೀಳುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ. ಪಾಪ, ಆಕೆ ಕಿಟಕಿಗೆ ಹಳೇ ಹಾಸಿಗೆ ಚಾದರ ಕಟ್ಟಿಕೊಂಡಳು.

ಮಲಗುವ ಕೋಣೆ ಮಹಡಿಯ ಮೇಲೆ. ಮೆಟ್ಟಿಲು ಹತ್ತಲಾಗದವಳಿಗೆ ಇನ್ನು ಹಿಂದಿನ ಕೋಣೆಯೇ ಗತಿ. ಅವಳು ಬರುವುದರೊಳಗೆ ಅದು ಬೆಚ್ಚಗಾಗಬೇಕು. ಸಾಮಾನು ಹೊರಗೆ ಹಾಕಲು ಹೆಂಡತಿಯ ತಂಗಿ ಬಂದಳು. ಬಾಯಿ ಬಜಾರಾದರೂ ಮನಸ್ಸು ಬೆಣ್ಣೆ. ಟೀ ಕೂರಬೇಕಾದ ಜಾಗ ಸರಿಯಾಗಿ ಯಂತ್ರದ ಹಿಂದಿತ್ತು. ಯಂತ್ರ ಸರಿಸದೆ ಅಲ್ಲಿ ಕೈ ಹೋಗುವಂತಿರಲಿಲ್ಲ. ಸರಿಸಬೇಕೆಂದರೆ ಸೂಜಿ ಎತ್ತಿ ಪರದೆ ತೆಗೆಯಬೇಕು. ನಾದಿನಿ ಮುಂದೆ ಬಂದು ಯಂತ್ರದ ಚಕ್ರಕ್ಕೆ ಕೈ ಹಾಕಿದ್ದೇ ತಡ, ಅವನು ಮುಟ್ಟಬೇಡ ಎಂದು ಗದರಿದ.

"ಭಾವ, ಅಕ್ಕನ ಕೈ ಈ ಪರದೇಲಿ ಸಿಕ್ಕಾಕ್ಕೊಂಡಿಲ್ಲ," ಎಂದಳು ಅವಳು, ಮೆಲ್ಲಗೆ.

ಆ ಸೂಜಿ ಮೇಲೆದ್ದರೆ ಹೆಂಡತಿಯ ಹೊಲಿಗೆ ಮುಗಿಯಿತೆಂದು ತಾನೇ ಒಪ್ಪಿಕೊಂಡಂತೆ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಹಾಗೆ ಒಪ್ಪಿಕೊಳ್ಳಲು ಅವನ ಜೀವ ಬಿಲ್‌ಕುಲ್ ತಯಾರಿರಲಿಲ್ಲ. ಯಂತ್ರದ ಆಚೀಚೆ ಒಂದೊಂದೇ ಟೀ ಹಿಡಿಸುವಷ್ಟು ಜಾಗವಿತ್ತು. ಒಂದು ಟೀಯನ್ನು ಯಂತ್ರದ ಎಡಕ್ಕೆ ಹಾಕಿದ, ಇನ್ನೊಂದನ್ನು ಬಲಕ್ಕೆ. ನಡುವೆ ಒಬ್ಬರು ಕೈಚಾಚಿ ನಿಲ್ಲಬಹುದಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ನಾದಿನಿ ಹಂಗಿಸಿದಳು. ಹಂಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಂಡತಿ ಮನೆಗೆ ಬಂದಳು. ಕೋಣೆ ಬೆಚ್ಚಗಿತ್ತು, ಹಾಸಿಗೆ ಬೆಚ್ಚಗಿತ್ತು, ಅವನ ಮುಖದಲ್ಲಿ ಗೆಲುವಿತ್ತು. ಆಗಬೇಕಾದದ್ದು ಆಮೇಲೆ ಆಯಿತು. ಪಂಪು ನಿಲ್ಲಿಸಿದರೂ ರೇಡಿಯೇಟರು ತಣಿಯಲೊಲ್ಲದು. ವಾಲ್ವು ಪೂರ್ತಿ ಮುಚ್ಚಿದರೆ ಕೋಣೆ ಕೊರೆಯುವ ಚಳಿ, ಸ್ವಲ್ಪ ತೆರೆದರೆ ಕಾದ ಒಲೆ. ಅವಳು ಬೆವರುವಳು, ನಡುಗುವಳು. ಅವನು ವಾಲ್ವು ತಿರುಗಿಸುತ್ತಾ ಓಡಾಡುವನು. ಕಾರಣ ಕೇಳಿದರೆ ಹೊಸ ಪೈಪು, ಹೊಂದಿಕೊಳ್ಳಬೇಕು ಎಂದು ತೇಲಿಸುವನು. ಅಷ್ಟು ವರ್ಷ ಪೈಪಿನವನ ಜೊತೆ ಬಾಳಿದವಳಿಗೆ ಈ ಕಥೆಯೇ?

ಒಂದು ಮಧ್ಯಾಹ್ನ ಅವಳು ಹಣೆಯ ಬೆವರೊರೆಸಿಕೊಂಡು, ಟೀ ದೂರ ಇಟ್ಟಿದ್ದೀರಾ ಎಂದು ನೇರವಾಗಿ ಕೇಳಿದಳು. ಅವನು ಹೂಂ ಎಂದ. ಯಾಕೆ ಎಂದಳು. ಅವನು ಓಣಿಯಲ್ಲಿದ್ದ ಯಂತ್ರದತ್ತ ಕೈ ತೋರಿಸಿದ. ಅವಳು ತನ್ನನ್ನು ಎಬ್ಬಿಸಲು ಹೇಳಿದಳು. ಅವನ ಭುಜ ಹಿಡಿದು, ಕಾಲೆಳೆದುಕೊಂಡು ಯಂತ್ರದ ಮುಂದೆ ಬಂದು ಕುಳಿತಳು. ಪರದೆಯನ್ನೂ ಅದರ ಮೇಲಿನ ಧೂಳನ್ನೂ ನೋಡಿದಳು. ಎಡಗೈಯನ್ನು ಅಡ್ಡ ಚಾಚಿ ಚಕ್ರ ತಿರುಗಿಸಿದಳು. ಸೂಜಿ ಮೇಲೆ ಬಂತು. ಪರದೆಯನ್ನು ಎಳೆದು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಅವನು, ನಾಳೆ ಕೈ ಬರುತ್ತದೆ, ಅವಸರವೇನಿತ್ತು ಎಂದು ಏನೇನೋ ಬಡಬಡಿಸಿದ.

"ಇದು ಇನ್ನು ಬರಲ್ಲ ರೀ," ಎಂದಳು ಅವಳು. "ನಂಗೆ ಆಸ್ಪತ್ರೆಲೇ ಗೊತ್ತಾಗಿತ್ತು. ನಿಮ್ಗೆ ಹೆಂಗೆ ಹೇಳೋದು ಅಂತ ಇಷ್ಟು ದಿನ ಒದ್ದಾಡ್ತಿದ್ದೆ."

ಅವಳ ಆಸೆ ಆರಬಾರದೆಂದು ಅವನು ಆ ಸೂಜಿಗೆ ಕಾವಲು ಕೂತಿದ್ದ. ಅವಳು ಅಷ್ಟೂ ದಿನ ಅವನನ್ನು ಕಾಯುತ್ತಿದ್ದಳು. ಅಲ್ಲೇ ನೆಲದ ಮೇಲೆ ಕುಳಿತು, ಅವಳ ಮಂಡಿಗೆ ಹಣೆ ಆನಿಸಿ ಅತ್ತ. ನಾಚಿಕೆ ಪಡಲಿಲ್ಲ. ಅವಳು ಎಡಗೈಯಿಂದ ಅವನ ತಲೆ ನೇವರಿಸುತ್ತಾ, ಪರದೆಯನ್ನು ತಂಗಿ ಮುಗಿಸುತ್ತಾಳೆ, ಅವಳ ಹೊಲಿಗೆ ಸೊಟ್ಟಗಾದರೂ ಪಕ್ಕದವಳ ಕಿಟಕಿಗೆ ಅಷ್ಟೇ ಸಾಕು ಎಂದಳು. ಅಳುತ್ತಲೇ ಅವನಿಗೆ ನಗು ಬಂತು.

ಮರುದಿನ ಅವನು ಯಂತ್ರವನ್ನು ಕಿಟಕಿಯ ಕೆಳಗೆ ಸರಿಸಿದ. ನೀರು ಬಸಿದು, ದೂರದ ಟೀ ಎರಡನ್ನೂ ಕಿತ್ತು, ಅವುಗಳ ಜಾಗಕ್ಕೆ ನೇರ ಪೈಪು ಸೇರಿಸಿ, ನಡುವೆ ಎರಡನ್ನೂ ಒತ್ತೊತ್ತಿಗೆ ಕೂರಿಸಿದ. ಸಂಜೆಗೆ ಕೋಣೆ ಬೇಕಾದಷ್ಟೇ ಬೆಚ್ಚಗಾಗಿ ಹಾಗೇ ನಿಂತಿತು. ಹಾಸಿಗೆಯ ಪಕ್ಕ ಕುಳಿತು, ಈಗ ಹದವಾಗಿದೆಯಾ ಎಂದು ಕೇಳಿದ.

"ನೀವೇ ನೋಡಿ," ಎಂದಳು. ಮನೆಗೆ ಬಂದಾಗಿನಿಂದ ಹೊದಿಕೆಯ ಕೆಳಗೋ ಸೆರಗಿನ ಕೆಳಗೋ ಅಡಗಿಸಿಟ್ಟಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಅವನ ಅಂಗೈಯಲ್ಲಿ ಇಟ್ಟಳು. ಅದು ಬೆಚ್ಚಗಿತ್ತು.